ಲೆಕ್ಕದ ಮಿತವ್ಯಯ: ಬಿಜ್ಜರಗಿಯ ಕರಣದಿಂದ ಬೆಂಗಳೂರಿನ ಫ್ಲೋಸಾಲ್ವರ್‌ವರೆಗೆ

ಭಾರತದ ಸೂಪರ್‌ಕಂಪ್ಯೂಟರ್ ಕಥೆ ಹೇಳುವವರು ಬಹುತೇಕ ಒಂದೇ ದಾರಿ ಹಿಡಿಯುತ್ತಾರೆ. ಅಮೆರಿಕ ನಮಗೆ ಕ್ರೇ ಯಂತ್ರ ಮಾರಲು ಹಿಂದೆಮುಂದೆ ನೋಡಿತು. ಕೊನೆಗೆ ಒಪ್ಪಿದ್ದು ಎಕ್ಸ್‌ಎಂಪಿ-14 ಎಂಬ ಚಿಕ್ಕ ಮಾದರಿಗೆ, ಅದೂ ಹವಾಮಾನದ ಕೆಲಸಕ್ಕೆ ಮಾತ್ರ ಎಂಬ ಷರತ್ತಿನ ಮೇಲೆ. ಆ ನಿರಾಕರಣೆಗೆ ಉತ್ತರವಾಗಿ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು, 1991ರಲ್ಲಿ ಅದರ ಸೂಪರ್‌ಕಂಪ್ಯೂಟರ್ ಪರಮ್ 8000 ಹೊರಬಂತು. ಇದರಲ್ಲಿ ಸುಳ್ಳಿಲ್ಲ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಯಂತ್ರ ಮಾತ್ರ ಈ ಕಥೆಯೊಳಗೆ ಕೂರುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1986ರಲ್ಲೇ ಫ್ಲೋಸಾಲ್ವರ್ ಎಂಬ, ಹಲವು ಪ್ರೊಸೆಸರ್‌ಗಳು ಏಕಕಾಲಕ್ಕೆ ಲೆಕ್ಕ ಮಾಡುವ ಸಮಾಂತರ ಗಣಕವನ್ನು ಕಟ್ಟಿ ಓಡಿಸಿತ್ತು. ದೇಶದ ಮೊದಲ ಸಮಾಂತರ ಗಣಕ ಅದು. ಸಿ-ಡ್ಯಾಕ್‌ಗಿಂತ ಎರಡು ವರ್ಷ ಹಿರಿಯದು. ಹಾಗಿದ್ದರೆ ಅದರ ಹುಟ್ಟಿಗೆ ಬರಿಯ ನಿರಾಕರಣೆಯನ್ನಲ್ಲದೆ ಬೇರೆ ಕಾರಣವನ್ನೂ ಹುಡುಕಬೇಕಾಗುತ್ತದೆ. ಆ ಕಾರಣವನ್ನು ಹುಡುಕುತ್ತ ಹೋದರೆ ಒಂದು ಹಳೆಯ ವಿದ್ಯೆ ಎದುರಾಗುತ್ತದೆ ಎಂಬುದು ನನ್ನ ವಾದ. ಎಷ್ಟು ನಿಖರತೆ ಬೇಕು, ಅದಕ್ಕೆ ಎಷ್ಟು ಶ್ರಮ ಸಾಕು, ಕೈಲಿರುವ ಸಾಧನಕ್ಕೆ ಲೆಕ್ಕವನ್ನು ಹೇಗೆ ಹೊಂದಿಸಬೇಕು ಎಂಬ ವಿದ್ಯೆ. ಗಣನ ವಿಜ್ಞಾನದ ತಿರುಳು ಅದೇ. ಯಂತ್ರದ ವೇಗದ ಪಟ್ಟಿಯಿಂದ ಅದರ ಚರಿತ್ರೆ ಬರೆಯಲು ಹೊರಟವರಿಗೆ ಈ ತಿರುಳು ಕಾಣಿಸದೇ ಹೋಗುತ್ತದೆ. ಈ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಬಲು ಹಿಂದಿನಿಂದ ನೋಡಬೇಕೆಂದರೆ ಬೆಂಗಳೂರಿನಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ಬಡಗಣಕ್ಕೆ, ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಬಿಜ್ಜರಗಿಗೆ ಬರಬೇಕು.

ಬಿಜ್ಜರಗಿಯ ಹೆಸರು ಗಣಿತದ ಚರಿತ್ರೆಯಲ್ಲಿ ಕೇಳಿಬರುವುದು ಎರಡನೆಯ ಭಾಸ್ಕರಾಚಾರ್ಯನ ಮೂಲಕ. ತಾನು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದ್ದೆಂದೂ ಮೂವತ್ತಾರನೆಯ ವಯಸ್ಸಿನಲ್ಲಿ 'ಸಿದ್ಧಾಂತಶಿರೋಮಣಿ'ಯನ್ನು ರಚಿಸಿದ್ದೆಂದೂ ಅವನೇ ಹೇಳಿಕೊಂಡಿದ್ದಾನೆ. ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡ ತನ್ನ ಊರು ಎಂದೂ, ಮಹೇಶ್ವರ ತನ್ನ ತಂದೆಯೂ ಗುರುವೂ ಎಂದೂ ಹೇಳಿದ್ದಾನೆ. ಆ ವಿಜ್ಜಡವಿಡ ಇಂದಿನ ಬಿಜ್ಜರಗಿಯೇ ಎಂದು ಕನ್ನಡದ ಹಲವು ವಿದ್ವಾಂಸರು ಗುರುತಿಸುತ್ತ ಬಂದಿದ್ದಾರೆ; ವಿಜಯಪುರ ನಗರವೇ ಇರಬಹುದೆಂದವರೂ ಇದ್ದಾರೆ. ಮಹಾರಾಷ್ಟ್ರದವರು ಚಾಳೀಸಗಾಂವ್ ಹತ್ತಿರದ ಪಾಟಣೆಯನ್ನು ತೋರಿಸುತ್ತಾರೆ, ಅವರ ಕೈಯಲ್ಲಿ 1207ರ ಶಾಸನವಿದೆ. ಭಾಸ್ಕರನ ಮೊಮ್ಮಗ, ಯಾದವ ಸಿಂಘಣನ ಜ್ಯೋತಿಷಿ ಚಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದೇ ನಡೆಸಿದ ಮಠವನ್ನೂ ಅದಕ್ಕೆ ಸಾಮಂತರು ಬಿಟ್ಟ ದತ್ತಿಯನ್ನೂ ಆ ಶಾಸನ ವಿವರಿಸುತ್ತದೆ. ಬಿಜ್ಜರಗಿಯ ಪಕ್ಷದಲ್ಲಿ ಒಂದು ದೌರ್ಬಲ್ಯವಿದೆ. ಇದು ಬಯಲುಸೀಮೆ, ಸಹ್ಯಾದ್ರಿ ಇಲ್ಲಿಂದ ದೂರ. ಪಾಟಣೆಯ ಪಕ್ಷದಲ್ಲೂ ಒಂದು ದೌರ್ಬಲ್ಯವಿದೆ. 1207ರ ಶಾಸನ ಮೊಮ್ಮಕ್ಕಳು ಎಲ್ಲಿ ನೆಲೆಸಿದ್ದರು ಎಂಬುದಕ್ಕೆ ಸಾಕ್ಷಿಯಾದೀತೇ ಹೊರತು 1114ರಲ್ಲಿ ಅಜ್ಜ ಎಲ್ಲಿ ಹುಟ್ಟಿದ ಎಂಬುದಕ್ಕಲ್ಲ. ಈ ವ್ಯಾಜ್ಯ ಇಲ್ಲಿ ತೀರಬೇಕಾಗಿಲ್ಲ. ಆ ಕಾಲದಲ್ಲಿ ವಿಜಯಪುರದ ಸುತ್ತಲಿನ ನಾಡು ಕಲ್ಯಾಣದ ಚಾಲುಕ್ಯರ ಕೈಕೆಳಗಿನ ತರ್ದವಾಡಿ ಸಾಸಿರ. ಪಂಡಿತ ಮನೆತನಗಳು ಕೃಷ್ಣೆಯಿಂದ ತಾಪಿಯವರೆಗೆ ಓಡಾಡಿಕೊಂಡಿದ್ದ ಭೂಮಿ. ನನ್ನ ವಾದಕ್ಕೆ ಬೇಕಾದದ್ದು ಭಾಸ್ಕರನ ತೊಟ್ಟಿಲಿನ ಜಾಗಕ್ಕಿಂತ ಹೆಚ್ಚಾಗಿ ಅವನು ಇಳಿವಯಸ್ಸಿನಲ್ಲಿ ಮಾಡಿದ ಒಂದು ಕೆಲಸ.

1183ರಲ್ಲಿ, ಅರುವತ್ತೊಂಬತ್ತರ ವಯಸ್ಸಿನಲ್ಲಿ, ಅವನು 'ಕರಣಕುತೂಹಲ'ವನ್ನು ಬರೆದ. 'ಲೀಲಾವತಿ'ಯ ಕೀರ್ತಿಯ ಮರೆಯಲ್ಲಿ ಈ ಪುಸ್ತಕ ಜನರ ಬಾಯಿಗೆ ಬರುವುದೇ ಇಲ್ಲ, ನನಗೆ ಅದೊಂದು ಕೊರತೆಯಾಗಿ ಕಾಣುತ್ತದೆ. ಬೆಂಗಳೂರಿನ ಎಸ್. ಬಾಲಚಂದ್ರ ರಾವ್ ಮತ್ತು ಎಸ್.ಕೆ. ಉಮಾ ಅದನ್ನು ಇಂಗ್ಲಿಷಿಗೆ ತಂದು, ಶ್ಲೋಕ ಶ್ಲೋಕಕ್ಕೂ ಲೆಕ್ಕ ಬಿಡಿಸಿ ತೋರಿಸಿದ ಮೇಲೆ ಅದರ ಒಳಗಿನ ಜಾಣ್ಮೆ ಇಂದಿನ ಓದುಗರಿಗೂ ನಿಲುಕುವಂತಾಯಿತು. ಸಿದ್ಧಾಂತ ಗ್ರಂಥ ಗ್ರಹಗತಿಯನ್ನು ಕಲ್ಪದ ಆರಂಭದಿಂದ ಎಣಿಸುತ್ತದೆ. ಭಾಸ್ಕರನ ಕಾಲಕ್ಕೆ ಕಲ್ಪ ಮೊದಲಾಗಿ 197 ಕೋಟಿಗೂ ಹೆಚ್ಚು ವರ್ಷ ಕಳೆದಿವೆ ಎಂಬುದು ಅದರ ಗಣನೆ. ಅಷ್ಟು ವರ್ಷಗಳನ್ನು ದಿನ ಮಾಡಿದರೆ ಅಹರ್ಗಣ, ಅಂದರೆ ಕಳೆದ ದಿನಗಳ ಮೊತ್ತ, ಹನ್ನೆರಡು ಅಂಕಿಗಳ ಸಂಖ್ಯೆಯಾಗುತ್ತದೆ. ಪಂಚಾಂಗ ಬರೆಯುವವನು ಆ ಹನ್ನೆರಡು ಅಂಕಿಯನ್ನು ಪ್ರತಿ ಗ್ರಹದ ಭಗಣದಿಂದ, ಅಂದರೆ ಸುತ್ತುಗಳ ಸಂಖ್ಯೆಯಿಂದ ಗುಣಿಸಿ, ಇನ್ನೊಂದು ಅಷ್ಟೇ ದೊಡ್ಡ ಸಂಖ್ಯೆಯಿಂದ ಭಾಗಿಸಬೇಕು. ಧೂಳು ಹರವಿದ ಹಲಗೆಯ ಮೇಲೆ ಬೆರಳಿನಿಂದ ಅಳಿಸಿ ಬರೆದು ಮಾಡುವ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ದಿನದ ಶ್ರಮ ಹಾಳು. ಕರಣ, ಅಂದರೆ ಹತ್ತಿರದ ಒಂದು ದಿನದಿಂದ ಎಣಿಸುವ ಕೈಪಿಡಿ, ಈ ಭಾರವನ್ನು ಇಳಿಸುತ್ತದೆ. ಶಕ 1105ರ ಒಂದು ಬೆಳಗಿನ ಗ್ರಹಸ್ಥಾನಗಳನ್ನು ಭಾಸ್ಕರನೇ ಲೆಕ್ಕ ಮಾಡಿ ಕೊಟ್ಟುಬಿಟ್ಟಿದ್ದಾನೆ. ಅಲ್ಲಿಂದ ಮುಂದಿನ ದಿನಗಳನ್ನಷ್ಟೇ ಎಣಿಸಿದರೆ ಸಾಕು. ನೂರು ವರ್ಷ ಕಳೆದರೂ ಆ ಎಣಿಕೆ ಐದು ಅಂಕಿ ದಾಟುವುದಿಲ್ಲ. ಸತ್ಯವನ್ನು ಸಡಿಲಿಸದೆ ಲೆಕ್ಕದ ಗಾತ್ರವನ್ನು ಹನ್ನೆರಡರಿಂದ ಐದು ಅಂಕಿಗೆ ಇಳಿಸಿದ ಬಗೆ ಇದು.

ಜ್ಯಾ, ಅಂದರೆ ಸೈನ್ ಕೋಷ್ಟಕದಲ್ಲಿ ಈ ಮಿತವ್ಯಯ ಇನ್ನೂ ಸ್ಪಷ್ಟ. ಸಿದ್ಧಾಂತದ ದೊಡ್ಡ ಕೋಷ್ಟಕದಲ್ಲಿ ತ್ರಿಜ್ಯ 3438. ಮೂರೂಮುಕ್ಕಾಲು ಡಿಗ್ರಿಗೆ ಒಂದರಂತೆ 24 ಬೆಲೆಗಳು. ಅದರ ಜತೆಗೇ ಭಾಸ್ಕರ ಒಂದು ಚಿಕ್ಕ ಕೋಷ್ಟಕವನ್ನೂ ಕೊಡುತ್ತಾನೆ, ಕರಣದಲ್ಲೂ ಅದನ್ನೇ ಬಳಸುತ್ತಾನೆ. ತ್ರಿಜ್ಯ 120; ಹತ್ತು ಡಿಗ್ರಿಗೆ ಒಂದರಂತೆ ಒಂಬತ್ತೇ ಬೆಲೆಗಳು. ಅವುಗಳ ನಡುವಿನ ವ್ಯತ್ಯಾಸ 21, 20, 19, 17, 15, 12, 9, 5, 2. ಒಂಬತ್ತು ಚಿಕ್ಕ ಸಂಖ್ಯೆಗಳನ್ನು ಯಾರಾದರೂ ಬಾಯಿಪಾಠ ಮಾಡಬಹುದು. ನಡುವಿನ ಕೋನಗಳಿಗೆ ಏನು ಮಾಡುವುದು? 70 ಡಿಗ್ರಿಯ ಜ್ಯಾ 113, 80 ಡಿಗ್ರಿಯದು 118. 75 ಡಿಗ್ರಿಯದು ಬೇಕು ಎನ್ನೋಣ. ಸರಾಸರಿ ತೆಗೆದರೆ 115.5. ಇಂದಿನ ಕ್ಯಾಲ್ಕುಲೇಟರ್ ಕೊಡುವ ಬೆಲೆ 115.91. ಇಲ್ಲಿ ಭಾಸ್ಕರ ತನಗಿಂತ ಹಿಂದಿನ ಗಣಿತಜ್ಞ ಬ್ರಹ್ಮಗುಪ್ತನ ದಾರಿಯಲ್ಲಿ ನಡೆದು ಒಂದು ತಿದ್ದುಪಡಿ ಹೇಳುತ್ತಾನೆ. ಹಿಂದಿನ ವ್ಯತ್ಯಾಸ 9, ಮುಂದಿನದು 5. ಎರಡರ ಸರಾಸರಿ 7. ಅವೆರಡರ ಅಂತರದ ಅರ್ಧ 2. ನಾವು ಹತ್ತು ಡಿಗ್ರಿಯಲ್ಲಿ ಅರ್ಧ ದಾರಿ ಬಂದಿರುವುದರಿಂದ ಅದರಲ್ಲಿ ಅರ್ಧ, ಅಂದರೆ 1ನ್ನು 7ರಲ್ಲಿ ಕಳೆ. ಉಳಿದ 6ರಲ್ಲಿ ಅರ್ಧ 3. ಅದನ್ನು 113ಕ್ಕೆ ಕೂಡಿಸಿದರೆ 116. ತಪ್ಪು 0.41ರಿಂದ 0.09ಕ್ಕೆ ಇಳಿಯಿತು. ಕೋಷ್ಟಕಕ್ಕೆ ಒಂದೂ ಬೆಲೆ ಸೇರಿಸದೆ, ಕೆಲವು ಸುಲಭದ ಕೂಡು, ಕಳೆ, ಅರ್ಧಗಳ ಬೆಲೆಗೆ ನಿಖರತೆ ನಾಲ್ಕು ಪಟ್ಟು ಹೆಚ್ಚಿತು. ಇಂದು ಸೂಪರ್‌ಕಂಪ್ಯೂಟರ್‌ಗೆ ಕೋಡ್ ಬರೆಯುವವರು ಹಗಲಿರುಳು ಕೇಳಿಕೊಳ್ಳುವುದು ಇದೇ ಪ್ರಶ್ನೆಯನ್ನು: ಗ್ರಿಡ್ಡನ್ನು, ಅಂದರೆ ಲೆಕ್ಕದ ಬಿಂದುಗಳ ಜಾಲವನ್ನು, ಇನ್ನಷ್ಟು ಸಣ್ಣದು ಮಾಡಲೋ, ಇರುವ ಗ್ರಿಡ್ಡಿನ ಮೇಲೆ ಉತ್ತಮ ಸೂತ್ರ ಹಾಕಲೋ?

ಇಲ್ಲಿ ಒಬ್ಬ ಎಚ್ಚರದ ಓದುಗ ಕೈಯೆತ್ತುತ್ತಾನೆ. ಹನ್ನೆರಡನೆಯ ಶತಮಾನದ ಪಂಚಾಂಗವನ್ನೂ ಇಪ್ಪತ್ತನೆಯ ಶತಮಾನದ ವೈಮಾನಿಕ ಪ್ರಯೋಗಾಲಯವನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ಅಭಿಮಾನದ ಅತಿರೇಕವಲ್ಲವೇ ಎನ್ನುತ್ತಾನೆ. ಆಕ್ಷೇಪ ಸರಿಯಾದದ್ದು. ಗ್ರಹಗಳು ಕ್ರಮಬದ್ಧವಾಗಿ ಮರಳಿ ಮರಳಿ ಬರುತ್ತವೆ, ಗಾಳಿ ಹಾಗಲ್ಲ. ಆರಂಭದ ಸಣ್ಣ ವ್ಯತ್ಯಾಸ ಕೆಲವು ದಿನಗಳಲ್ಲಿ ಇಡೀ ಹವೆಯನ್ನೇ ಬೇರೆ ಮಾಡಿಬಿಡುತ್ತದೆ ಎಂಬುದನ್ನು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದರು. ಭಾಸ್ಕರನಿಗೆ ದ್ರವಚಲನೆಯ ಸಮೀಕರಣ ಗೊತ್ತಿತ್ತೆಂದಾಗಲಿ, ಫ್ಲೋಸಾಲ್ವರ್ ಕಟ್ಟಿದವರು 'ಕರಣಕುತೂಹಲ' ಓದಿ ಕಟ್ಟಿದರೆಂದಾಗಲಿ ನಾನು ಹೇಳುತ್ತಿಲ್ಲ. ಎರಡರ ನಡುವೆ ಗುರುಪರಂಪರೆಯ ಕೊಂಡಿ ಇಲ್ಲ. ಇರುವುದು ಸಮಸ್ಯೆಯ ಸಾಮ್ಯ, ಚರಿತ್ರೆಗೆ ಅದೂ ಮುಖ್ಯ. ಭೌತನಿಯಮ ಗೊತ್ತಿದೆ, ಅದನ್ನು ಪೂರ್ತಿ ಲೆಕ್ಕ ಮಾಡುವ ಶಕ್ತಿ ಇಲ್ಲ. ಆಗ ಏನನ್ನು ಬಿಡಬಹುದು, ಏನನ್ನು ಬಿಡಬಾರದು? ಬ್ರಿಟನ್ನಿನ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಈ ಪ್ರಶ್ನೆಗೆ ಸಿಕ್ಕಿ ಬಿದ್ದವರಲ್ಲಿ ಪ್ರಸಿದ್ಧರು. 1910ರ ಮೇ 20ರ ಯುರೋಪಿನ ಹವೆಯನ್ನು ಅವರು ಕೈಲೆಕ್ಕದಿಂದ ಆರು ಗಂಟೆ ಮುಂದಕ್ಕೆ ಎಣಿಸಿದಾಗ ಗಾಳಿಯೊತ್ತಡದ ಬದಲಾವಣೆ 145 ಮಿಲಿಬಾರ್ ಎಂದು ಬಂತು. ಭೂಮಿಯ ಮೇಲೆ ಎಂದೂ ಆಗದಂಥದ್ದು. 1922ರ ತಮ್ಮ ಪುಸ್ತಕದಲ್ಲಿ ಆ ಸೋಲನ್ನು ಮುಚ್ಚಿಡದೆ ಅಚ್ಚು ಮಾಡಿದ ರಿಚರ್ಡ್‌ಸನ್, 64,000 ಮಂದಿ ಗುಮಾಸ್ತರು ಒಂದೇ ಸಭಾಂಗಣದಲ್ಲಿ ಕುಳಿತು ಭೂಗೋಳದ ಒಂದೊಂದು ತುಣುಕನ್ನು ಲೆಕ್ಕ ಮಾಡುವ ಕನಸನ್ನೂ ಬರೆದರು. ಸಮಾಂತರ ಗಣಕದ ಚಿತ್ರ ಅದು, ಯಂತ್ರ ಬರುವ ಮೊದಲೇ. ಇತ್ತ ನಮ್ಮಲ್ಲಿ ಗಣೇಶ ದೈವಜ್ಞ 1520ರಲ್ಲಿ 'ಗ್ರಹಲಾಘವ' ಬರೆದು ಜ್ಯಾ ಕೋಷ್ಟಕವನ್ನೇ ಕೈಬಿಟ್ಟಿದ್ದ. ದಿನಗಳ ಎಣಿಕೆಯನ್ನು 4016 ದಿನಗಳ ಚಕ್ರಗಳಾಗಿ ಕತ್ತರಿಸಿ ಇನ್ನೂ ಹಗುರ ಮಾಡಿದ್ದ. ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದವರೆಗೆ ಪಂಚಾಂಗದವರು ಶತಮಾನಗಳ ಕಾಲ ಅದನ್ನು ನೆಚ್ಚಿಕೊಂಡಿದ್ದರು.

ಇನ್ನು ಫ್ಲೋಸಾಲ್ವರ್‌ಗೆ ಮರಳೋಣ. ಎನ್‌ಎಎಲ್ 1959ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿ ಮರುವರ್ಷ ಬೆಂಗಳೂರಿಗೆ ಬಂತು. 1967ರಲ್ಲಿ ಅದರ 1.2 ಮೀಟರ್ ಗಾಳಿಸುರಂಗ ಕೆಲಸ ಆರಂಭಿಸಿದ ಮೇಲೆ ದೇಶದ ವಿಮಾನ, ರಾಕೆಟ್ಟುಗಳ ಮಾದರಿಗಳೆಲ್ಲ ಅಲ್ಲಿ ಪರೀಕ್ಷೆಗೆ ನಿಂತವು. ಆದರೆ ಸುರಂಗದಲ್ಲಿ ಮಾದರಿಯ ಮೇಲಿನ ಬಲ ಸಿಗುತ್ತದೆ. ರೆಕ್ಕೆಯ ಮೇಲೆ ಗಾಳಿ ಎಲ್ಲಿ ಕಳಚಿಕೊಳ್ಳುತ್ತದೆ, ಏಕೆ ಕಳಚಿಕೊಳ್ಳುತ್ತದೆ ಎಂಬ ಪೂರ್ತಿ ಚಿತ್ರಕ್ಕೆ ಸಮೀಕರಣಗಳನ್ನೇ ಬಿಡಿಸಬೇಕು. 1983ರಲ್ಲಿ ಹಗುರ ಯುದ್ಧವಿಮಾನದ ಯೋಜನೆ ಶುರುವಾದ ಮೇಲೆ ಆ ಒತ್ತಡ ಹೆಚ್ಚಿತು. 1984ರಲ್ಲಿ ನಿರ್ದೇಶಕರಾಗಿ ಬಂದ ರೊದ್ದಂ ನರಸಿಂಹ ಗಾಳಿಯ ಕ್ಷೋಭೆಯನ್ನೇ ಬಾಳಿನ ವಿಷಯ ಮಾಡಿಕೊಂಡವರು. ಬೆಂಗಳೂರಿನಲ್ಲಿ ಸತೀಶ್ ಧವನ್ ಅವರ ಬಳಿ ಕಲಿತು, ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟ್ ಮುಗಿಸಿದ್ದವರು. ದೊಡ್ಡ ಯಂತ್ರ ಕೊಳ್ಳುವ ಮಾತಿಗೆ ಕಟ್ಟುಬೀಳದೆ, ಸಿಗುವ ಪ್ರೊಸೆಸರ್‌ಗಳನ್ನು ಸೇರಿಸಿ ತಾವೇ ಕಟ್ಟುವ ದಾರಿಯನ್ನು ಅವರ ಪ್ರಯೋಗಾಲಯ ಆರಿಸಿಕೊಂಡಿತು. ಯು.ಎನ್. ಸಿನ್ಹಾ ನೇತೃತ್ವದ ತಂಡ 1986ರಲ್ಲಿ ಇಂಟೆಲ್ 8086 ಪ್ರೊಸೆಸರ್ ಮತ್ತು ಅದರ ಜತೆಗಾರ 8087 ಇಟ್ಟುಕೊಂಡು ನಾಲ್ಕು ಘಟಕಗಳ ಮೊದಲ ಫ್ಲೋಸಾಲ್ವರ್ ಕಟ್ಟಿತು. ಅಂದಿನ ಪರ್ಸನಲ್ ಕಂಪ್ಯೂಟರ್‌ಗಳಲ್ಲಿ ಕಾಣುತ್ತಿದ್ದ ಜಾತಿಯದೇ ಚಿಪ್ಪುಗಳು. ಇದು ಜಗತ್ತಿನಲ್ಲೇ ಮೊದಲು ಎಂದು ಹೇಳಿದರೆ ತಪ್ಪಾಗುತ್ತದೆ. ಕ್ಯಾಲ್ಟೆಕ್‌ನ ಕಾಸ್ಮಿಕ್ ಕ್ಯೂಬ್ 1983ರಲ್ಲೇ ಇದೇ 8086, 8087 ಜೋಡಿಗಳನ್ನು 64ರ ಸಂಖ್ಯೆಯಲ್ಲಿ ಕಟ್ಟಿ ತೋರಿಸಿತ್ತು. ಎನ್‌ಎಎಲ್‌ನ ಕೆಲಸದ ಬೆಲೆ ಬೇರೆಡೆ ಇದೆ: ಸಮಸ್ಯೆ ಮೊದಲು ಬಂತು, ಯಂತ್ರ ಆಮೇಲೆ. ಹೆಸರಿನಲ್ಲೇ ಹೇಳಿದಂತೆ ಹರಿವಿನ ಲೆಕ್ಕ ಬಿಡಿಸುವುದಕ್ಕೆಂದೇ ಅದರ ಮೈಕಟ್ಟು ನಿರ್ಧಾರವಾಯಿತು.

ಆ ಮೈಕಟ್ಟಿನ ತರ್ಕ ವಿಜಯಪುರದ ರೈತರಿಗೆ ಹೊಸದಲ್ಲ. ಒಂದು ದೊಡ್ಡ ಹೊಲದ ಕಳೆ ತೆಗೆಯಲು ನಾಲ್ಕು ಗುಂಪುಗಳಿಗೆ ಪಟ್ಟಿ ಹಂಚಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಪಟ್ಟಿಗಳ ಅಂಚಿನಲ್ಲಿ ಒಬ್ಬರು ಎಲ್ಲಿಯವರೆಗೆ ಬಂದಿದ್ದಾರೆಂದು ಇನ್ನೊಬ್ಬರು ಕೂಗಿ ಕೇಳಬೇಕಾಗುತ್ತದೆ, ಗುಂಪು ಹೆಚ್ಚಿದಷ್ಟೂ ಅಂಚು ಹೆಚ್ಚು, ಕೂಗಾಟ ಹೆಚ್ಚು. ಗಾಳಿಯ ಲೆಕ್ಕವೂ ಹಾಗೆಯೇ ಹಂಚಿಕೆಯಾಗುತ್ತದೆ. ಒಂದು ಬಿಂದುವಿನ ಮುಂದಿನ ಸ್ಥಿತಿಗೆ ಸುತ್ತಲಿನ ಬಿಂದುಗಳ ಇಂದಿನ ಸ್ಥಿತಿ ಸಾಕು. ಆದ್ದರಿಂದ ಪ್ರತಿ ಪ್ರೊಸೆಸರ್ ತನ್ನ ಪಾಲನ್ನು ಬಹುಮಟ್ಟಿಗೆ ಒಂಟಿಯಾಗಿ ಮಾಡಿ, ಅಂಚಿನ ಬೆಲೆಗಳನ್ನಷ್ಟೇ ನೆರೆಯವರಿಗೆ ಕಳಿಸುತ್ತದೆ. ಆದರೆ ಇಡೀ ಭೂಗೋಳದ ಹವೆಯನ್ನು ಅಲೆಗಳ ಮೊತ್ತವಾಗಿ ಬರೆಯುವ ಮಾದರಿಗಳಲ್ಲಿ ಇಷ್ಟು ಸಾಲದು. ಅಲ್ಲಿ ಪ್ರತಿ ಹೆಜ್ಜೆಗೂ ಎಲ್ಲ ಪ್ರೊಸೆಸರ್‌ಗಳ ತುಣುಕು ಮೊತ್ತಗಳನ್ನು ಒಟ್ಟು ಕೂಡಿಸಬೇಕು. 1988ರಲ್ಲಿ 80386 ಚಿಪ್ಪಿನ ಎರಡನೆಯ ಫ್ಲೋಸಾಲ್ವರ್, 1991ರಲ್ಲಿ ಐ860 ಚಿಪ್ಪಿನ ಮೂರನೆಯದು ಬಂದಂತೆ ತಂಡ ಈ ಕಷ್ಟದ ಲೆಕ್ಕಕ್ಕೇ ಕೈಹಾಕಿತು. ದೆಹಲಿಯ ಕ್ರೇ ಮೇಲೆ ಓಡುತ್ತಿದ್ದ ಟಿ-80 ಎಂಬ ಜಾಗತಿಕ ಹವಾಮಾನ ಮಾದರಿಯನ್ನು ತುಂಡು ಮಾಡಿ ಸಮಾಂತರವಾಗಿ ಓಡಿಸಿತು. ಮುಂದೆ 128 ಪೆಂಟಿಯಂ ಪ್ರೊಸೆಸರ್‌ಗಳ ಆರನೆಯ ಪೀಳಿಗೆಯಲ್ಲಿ ಫ್ಲೋಸ್ವಿಚ್ ಎಂಬ ಜೋಡಣೆಯನ್ನು ರೂಪಿಸಿದರು. ಮಾಮೂಲಿ ಸ್ವಿಚ್ಚು ಸಂದೇಶವನ್ನು ಇತ್ತಿಂದತ್ತ ದಾಟಿಸುತ್ತದೆ, ಅಷ್ಟೇ. ಫ್ಲೋಸ್ವಿಚ್ ದಾಟಿಸುತ್ತಲೇ ಕೂಡಿಸುತ್ತದೆ. ಮೊತ್ತ ಬೇಕಾದವರಿಗೆ ತುಣುಕುಗಳ ಬದಲು ಮೊತ್ತವೇ ತಲುಪುತ್ತದೆ. ಒಂಬತ್ತು ಬೆಲೆಯ ಕೋಷ್ಟಕಕ್ಕೆ ಒಂದು ತಿದ್ದುಪಡಿ ಸೇರಿಸಿ ಇಪ್ಪತ್ನಾಲ್ಕರ ಕೆಲಸ ಮಾಡಿಸಿದ ಬುದ್ಧಿಗೂ ಈ ಬುದ್ಧಿಗೂ ನಾನು ಕಾಣುವ ಸಾಮ್ಯ ಇಂಥದ್ದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಫ್ಲೋಸಾಲ್ವರ್ ಒಂದು ತಾತ್ಕಾಲಿಕ ಊರುಗೋಲು, ಆಮದಿನ ಬಾಗಿಲು ತೆರೆದ ಮೇಲೆ ಯಾರಿಗೂ ಬೇಕಾಗಲಿಲ್ಲ ಎನ್ನುವವರಿದ್ದಾರೆ. ದೇಶದ ದಿನನಿತ್ಯದ ಅಧಿಕೃತ ಹವಾಮಾನ ಮುನ್ಸೂಚನೆ ಎಂದೂ ಅದರ ಮೇಲೆ ನಡೆಯಲಿಲ್ಲ, ನಿಜ. 2018ರಲ್ಲಿ ಪುಣೆಗೆ ಬಂದ ಪ್ರತ್ಯುಷ್, ನೋಯ್ಡಾಕ್ಕೆ ಬಂದ ಮಿಹಿರ್ ಎರಡೂ ಕ್ರೇ ಕಂಪನಿಯವು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಕೇಂದ್ರ 2015ರಲ್ಲಿ ಸಹಸ್ರ-ಟಿ ಎಂಬ ಕ್ರೇ ಎಕ್ಸ್‌ಸಿ40 ತಂದಿತು; ದೇಶದಲ್ಲಿ ಪೆಟಾಫ್ಲಾಪ್ ದಾಟಿದ ಮೊದಲ ಯಂತ್ರ ಅದು. ಆದರೆ ಈ ಸಾಕ್ಷ್ಯವನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ನಮಗೆ 1980ರ ದಶಕದಲ್ಲಿ ಬಂದ ಎಕ್ಸ್‌ಎಂಪಿ-14ರಲ್ಲಿ ಇದ್ದದ್ದು ಒಂದೇ ಪ್ರೊಸೆಸರ್, ವಿಶೇಷವಾಗಿ ಕಡೆದ ದುಬಾರಿ ಪ್ರೊಸೆಸರ್. ಅದೇ ಹೆಸರಿನ ಕಂಪನಿಯ ಎಕ್ಸ್‌ಸಿ40ಯಲ್ಲಿ ಮಾರುಕಟ್ಟೆಯ ಸಾಮಾನ್ಯ ಪ್ರೊಸೆಸರ್‌ಗಳದೇ ಮೂವತ್ತು ಸಾವಿರಕ್ಕೂ ಹೆಚ್ಚು ಕೋರ್‌ಗಳು, ನಡುವೆ ಸಂದೇಶ ದಾಟಿಸುವ ಜಾಲ. ಮೂರು ದಶಕಗಳಲ್ಲಿ ಕ್ರೇ ಕಂಪನಿಯೇ ಕಾಸ್ಮಿಕ್ ಕ್ಯೂಬ್ ಮತ್ತು ಫ್ಲೋಸಾಲ್ವರ್ ಹಿಡಿದಿದ್ದ ದಾರಿಗೆ ಬಂದಿತ್ತು. ಎಕ್ಸ್‌ಎಂಪಿಗೆ ಬರೆದ ಕೋಡ್ ಆ ಹೊಸ ಯಂತ್ರದಲ್ಲಿ ಬದುಕುವುದಿಲ್ಲ; ತುಂಡು ಮಾಡಿ ಹಂಚಿ ಬರೆದ ಕೋಡ್ ಬದುಕುತ್ತದೆ. ಆ ಬರವಣಿಗೆಯನ್ನು 1986ರಿಂದಲೇ ರೂಢಿಸಿಕೊಂಡವರು ಬೆಂಗಳೂರಿನಲ್ಲಿ ಇದ್ದರು ಎಂಬುದು ಯಂತ್ರ ಮೂಲೆಗೆ ಸರಿದರೂ ಉಳಿದ ಆಸ್ತಿ. ಇಂಥ ಆಸ್ತಿಯನ್ನು ಕಾಯುವುದಕ್ಕೂ ಹಳೆಯ ಉದಾಹರಣೆ ಇದೆ. ಚಂಗದೇವನ ಮಠಕ್ಕೆ ಬಿಟ್ಟ ದತ್ತಿಯ ವಿವರ ಶಾಸನದಲ್ಲಿ ಹಳೆಯ ಮರಾಠಿಯಲ್ಲಿದೆ. ಊರಿನವರು ಯಾವ ಸರಕಿಗೆ ಎಷ್ಟು ಪಾಲು ಕೊಡಬೇಕೆಂಬುದನ್ನೂ ಅದರಲ್ಲಿ ಕಟ್ಟುಮಾಡಿದ್ದಾರೆ. ಲೆಕ್ಕದ ವಿದ್ಯೆ ಉಳಿಯಬೇಕಾದರೆ ಕಲಿಸುವವರ ಹೊಟ್ಟೆಪಾಡು ನಡೆಯಬೇಕೆಂಬುದು ಹದಿಮೂರನೆಯ ಶತಮಾನದ ಸಾಮಂತನಿಗೂ ಗೊತ್ತಿತ್ತು. ಪ್ರಯೋಗಾಲಯಗಳ ಅನುದಾನ ಚರ್ಚೆಯಲ್ಲಿ ಯಂತ್ರದ ಬೆಲೆಗೆ ಸಿಗುವ ಗಮನ ಕೋಡ್ ಬರೆಯುವವರ ಕೆಲಸದ ಭದ್ರತೆಗೂ ಸಿಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಾಗಾದರೆ ವೇಗ ಗೌಣವೇ? ಖಂಡಿತ ಅಲ್ಲ, ಬಿಜ್ಜರಗಿಯಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಗೆ ಉತ್ತರ ಇನ್ನೂ ಚುರುಕು. ಟಿ-80 ಮಾದರಿಯ ಗ್ರಿಡ್ ಚೌಕ ಹೆಚ್ಚುಕಡಿಮೆ 150 ಕಿಲೋಮೀಟರ್ ಅಗಲ. ಒಂದು ಚೌಕವೆಂದರೆ 22,500 ಚದರ ಕಿಲೋಮೀಟರ್, ಅಂದರೆ ಸುಮಾರು 10,500 ಚದರ ಕಿಲೋಮೀಟರ್ ಇರುವ ಇಂದಿನ ವಿಜಯಪುರ ಜಿಲ್ಲೆಯ ಎರಡರಷ್ಟು. ಆಲಮಟ್ಟಿಯ ಹಿನ್ನೀರೂ ಡೋಣಿ ನದಿಯ ಕರಿಮಣ್ಣೂ ತಿಕೋಟಾದ ದ್ರಾಕ್ಷಿ ತೋಟವೂ ಆ ಮಾದರಿಯ ಕಣ್ಣಿಗೆ ಒಂದೇ ಸಂಖ್ಯೆ. ಚೌಕದ ಅಗಲವನ್ನು ಅರ್ಧ ಮಾಡಿದರೆ ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಇನ್ನೊಂದು ಎರಡು, ಒಟ್ಟು ಎಂಟು ಪಟ್ಟು ಲೆಕ್ಕ. 150ರಿಂದ 12 ಕಿಲೋಮೀಟರಿಗೆ ಇಳಿಯಬೇಕೆಂದರೆ ಸುಮಾರು ಎರಡು ಸಾವಿರ ಪಟ್ಟು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿಲೋಮೀಟರ್; ಅದರ ಹಿಂದೆ ಪುಣೆಯ ಅರ್ಕ ಎಂಬ, 11.77 ಪೆಟಾಫ್ಲಾಪ್ ಸಾಮರ್ಥ್ಯದ ಯಂತ್ರವಿದೆ. ಯಾವ ಜಾಣ ಸೂತ್ರವೂ ಈ ಎಂಟು ಪಟ್ಟಿನ ಏಣಿಯನ್ನು ಪೂರ್ತಿ ತಪ್ಪಿಸಲಾರದು, ಒಪ್ಪಬೇಕು. ಆದರೆ ಏಣಿಯ ಪ್ರತಿ ಮೆಟ್ಟಿಲಿನಲ್ಲೂ ಚೌಕದ ಒಳಗೆ ಹಿಡಿಸದೆ ಉಳಿಯುವ ಪ್ರಕ್ರಿಯೆಗಳಿರುತ್ತವೆ, ಅವನ್ನು ಸೂತ್ರದಿಂದಲೇ ಹೇಳಬೇಕು. ಕಾದ ನೆಲದಿಂದ ಗಾಳಿಗೆ ಎಷ್ಟು ಶಾಖ ಏರುತ್ತದೆ ಎಂಬುದು ಅಂಥ ಒಂದು. ಗಾಳಿ ಜೋರಾಗಿ ಬೀಸುವ ನಾಡುಗಳಲ್ಲಿ ಪಳಗಿದ ಸೂತ್ರಗಳು ಗಾಳಿ ನಿಂತಂತಿರುವ ನಮ್ಮ ಬೇಸಗೆಗೆ ಸರಿಹೊಂದುವುದಿಲ್ಲ. 1990ರಲ್ಲಿ ಜೋಧಪುರ, ವಾರಾಣಸಿ, ಖರಗಪುರಗಳಂಥ ಕಡೆ 30 ಮೀಟರ್ ಗೋಪುರ ನಿಲ್ಲಿಸಿ ನಡೆಸಿದ ಮಾಂಟ್‌ಬ್ಲೆಕ್ಸ್ ಪ್ರಯೋಗದ ಅಳತೆಗಳನ್ನು ಕೆ.ಜಿ. ರಾವ್ ಮತ್ತು ರೊದ್ದಂ ನರಸಿಂಹ ಶೋಧಿಸಿದರು. ಮಂದಗಾಳಿಯಲ್ಲಿ ಶಾಖದ ಏರಿಕೆ ಗಾಳಿಯ ವೇಗವನ್ನು ಅವಲಂಬಿಸುವುದಿಲ್ಲ, ನೆಲದ ಕಾವನ್ನೇ ಅವಲಂಬಿಸುತ್ತದೆ ಎಂದು 2006ರಲ್ಲಿ ಪ್ರಕಟಿಸಿದರು. ಟಿ-80 ಕೋಡನ್ನು ಹೊಸದಾಗಿ ಬರೆದು ಫ್ಲೋಸಾಲ್ವರ್ ತಂಡ ರೂಪಿಸಿದ 'ವರ್ಷಾ' ಮಾದರಿಗೆ ಈ ಬಗೆಯ ನೆಲದರಿವು ಸೇರಿತು. ಎಷ್ಟು ಪೆಟಾಫ್ಲಾಪ್ ಕೊಂಡರೂ ಅದರೊಡನೆ ಬಾರದ ವಸ್ತು ಇದು.

1988 ಈ ಚರಿತ್ರೆಯಲ್ಲಿ ಒಂದು ದಟ್ಟ ವರ್ಷ. ಪುಣೆಯಲ್ಲಿ ಸಿ-ಡ್ಯಾಕ್, ದೆಹಲಿಯಲ್ಲಿ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ, ಬೆಂಗಳೂರಿನ ಎನ್‌ಎಎಲ್ ಆವರಣದಲ್ಲೇ ಸಿಎಸ್‌ಐಆರ್‌ನ ಗಣಿತೀಯ ಮಾದರಿ ಮತ್ತು ಕಂಪ್ಯೂಟರ್ ಅನುಕರಣೆ ಕೇಂದ್ರ, ಅಂದರೆ ಸಿ-ಮ್ಯಾಕ್ಸ್, ಕರ್ನಾಟಕ ಸರ್ಕಾರದ ಬರ ಉಸ್ತುವಾರಿ ಕೋಶ, ಇವೆಲ್ಲ ಅದೇ ವರ್ಷದವು. ಈ ಪೈಕಿ ಕೊನೆಯೆರಡರ ನಂಟು ವಿಜಯಪುರಕ್ಕೆ ಹತ್ತಿರದ್ದು. ಬರ ಕೋಶ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ರಾಜ್ಯದ ತುಂಬ ನಿಲ್ಲಿಸಿತು. ಸಿ-ಮ್ಯಾಕ್ಸ್ ತಂಡ ಹೋಬಳಿ ಮಟ್ಟದ ಮಳೆ ಮುನ್ಸೂಚನೆಯನ್ನು ಲೆಕ್ಕ ಮಾಡಿ ಆ ಕೇಂದ್ರಕ್ಕೆ ಕೊಡುತ್ತಿತ್ತು. 2011ರ ಮುಂಗಾರು, ಹಿಂಗಾರು ಎರಡರ ಮುನ್ಸೂಚನೆಗಳನ್ನೂ ಎರಡೂ ಸಂಸ್ಥೆಗಳ ವಿಜ್ಞಾನಿಗಳು ಕೂಡಿ ಅದೇ ಮಾಪಕಗಳ ದಾಖಲೆಗೆ ಹಚ್ಚಿ ಪರೀಕ್ಷಿಸಿದರು. ತಿಕೋಟಾ ಅಂದು ಇನ್ನೂ ತಾಲ್ಲೂಕಾಗಿರಲಿಲ್ಲ, ಹೋಬಳಿಯಾಗಿತ್ತು. ರಾಷ್ಟ್ರೀಯ ಪ್ರಯೋಗಾಲಯವೊಂದರ ಲೆಕ್ಕ ಈ ನೆಲದ ಅಳತೆಗೆ ಇಳಿದುಬಂದದ್ದು ಆಗ. 2012ರಲ್ಲಿ ಸಿ-ಮ್ಯಾಕ್ಸ್‌ನ ಹೊಸ ಯಂತ್ರ ಸುಮಾರು 360 ಟೆರಾಫ್ಲಾಪ್ ಸಾಮರ್ಥ್ಯದಿಂದ ದೇಶದಲ್ಲೇ ಮುಂದಿತ್ತು. ಆ ಸುದ್ದಿ ಪತ್ರಿಕೆಗಳಿಗೆ ಹೋಯಿತು. ಮುನ್ಸೂಚನೆಯನ್ನು ಮಾಪಕಕ್ಕೆ ಹಚ್ಚಿ ನೋಡಿದ ಕೆಲಸ ಹೋಗಲಿಲ್ಲ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹಿರಿದು. ಮಳೆ, ನೆಲಗಳನ್ನು ಅಳೆಯುವ ಶಿಸ್ತು ಈ ಜಿಲ್ಲೆಗೆ ಹೊಸದೇನಲ್ಲ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ದೇಶದಲ್ಲಿ ಆರಿಸಿದ ಕೆಲವೇ ಊರುಗಳಲ್ಲಿ ಅಂದು ಬಿಜಾಪುರವೆನಿಸಿದ್ದ ವಿಜಯಪುರವೂ ಒಂದಾಗಿತ್ತು.

ಈಗ ಉಳಿದಿರುವ ಕೆಲಸ ಯಾವುದು ಎಂದರೆ ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ಸೀಮೆಯಲ್ಲಿ ಬೇಸಗೆಯ ಒಣಹವೆಯೇ ದ್ರಾಕ್ಷಿ ಒಣಗಿಸುವವರ ಬಂಡವಾಳ. ಗೊನೆ ಕೊಯ್ದು, ದ್ರಾವಣದಲ್ಲಿ ಅದ್ದಿ, ಬಲೆಯ ಅಟ್ಟಗಳ ಮೇಲೆ ಹರವಿದ ಮೇಲೆ ಎರಡು ವಾರದಷ್ಟು ಕಾಲ ಹವೆ ಒಣಗಿರಬೇಕು. ನಡುವೆ ಮಾರ್ಚ್, ಏಪ್ರಿಲಿನ ಒಂದು ಅಡ್ಡಮಳೆ ಬಿದ್ದರೆ ಕಾಯಿ ಕಪ್ಪಾಗಿ ದರ ಬೀಳುತ್ತದೆ. ಆ ಮಳೆ ತರುವ ಗುಡುಗಿನ ಮೋಡದ ಬುಡ ಹಲವು ಬಾರಿ ಕೆಲವೇ ಕಿಲೋಮೀಟರ್ ಅಗಲದ್ದು, ಅದರ ಆಯುಷ್ಯ ಒಂದೆರಡು ಗಂಟೆ. 6 ಕಿಲೋಮೀಟರ್ ಚೌಕದೊಳಗೂ ಅದು ಪೂರ್ತಿ ಹಿಡಿಯುವುದಿಲ್ಲ. ಮೂರು ದಿನ ಮೊದಲು ಇಂಥ ಊರಿನ ಮೇಲೆ ಬೀಳುತ್ತದೆಂದು ಹೇಳಲು ಲೊರೆಂಜ್ ಕಂಡ ಮಿತಿಯೂ ಅಡ್ಡ ಬರುತ್ತದೆ. ಆದರೆ ಒಂದೇ ಮಾದರಿಯನ್ನು ಅಲ್ಪಸ್ವಲ್ಪ ಬೇರೆಯಾದ ಹತ್ತಾರು ಆರಂಭಗಳಿಂದ ಓಡಿಸಿ, ಈ ವಾರ ಈ ಹೋಬಳಿಯಲ್ಲಿ ಗುಡುಗುಮಳೆಯ ಸಂಭವ ಹತ್ತರಲ್ಲಿ ಮೂರೋ ಏಳೋ ಎಂದು ಹೇಳಲು ಸಾಧ್ಯವಿದೆ. ಹತ್ತರಲ್ಲಿ ಏಳು ಎಂದರೆ ಒಬ್ಬ ಬೆಳೆಗಾರ ಕೊಯ್ಲನ್ನು ನಾಲ್ಕು ದಿನ ಮುಂದೂಡುತ್ತಾನೆ, ಅಥವಾ ಶೆಡ್ಡಿನ ಬದಿಗೆ ಟಾರ್ಪಾಲು ಕಟ್ಟುತ್ತಾನೆ. ಹತ್ತಾರು ಓಟಗಳ ಖರ್ಚು, ಚೌಕವನ್ನು ಸಣ್ಣದು ಮಾಡುವ ಖರ್ಚು ಎರಡೂ ಒಂದೇ ಯಂತ್ರದ ಒಂದೇ ಗಂಟೆಗಳಿಂದ ಬರಬೇಕು. ಯಾವುದಕ್ಕೆ ಎಷ್ಟು ಕೊಡಬೇಕೆಂಬುದನ್ನು ತಿಕೋಟಾದ ಮಳೆಮಾಪಕಗಳ ಹತ್ತು ವರ್ಷದ ಏಪ್ರಿಲ್ ದಾಖಲೆಯನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಬಹುದು.